ಮುಚ್ಚಿದ ಅಂಗಡಿಯ ಫೋಟೋ

ಅನ್ನಪೂರ್ಣವ್ವ ಹಿಂದಿನ ಸೀಟಿನಲ್ಲೇ ಕೂತರು. ಅಮೆರಿಕದ ಸ್ಯಾನ್ ಪೀಡ್ರೊದಲ್ಲಿನ ಮನೆಯ ಮುಂದೆ ಸಿದ್ಧಲಿಂಗೇಶ ಮುಂದಿನ ಬಾಗಿಲು ತೆಗೆದು ಹಿಡಿದು, "ಅತ್ತಿ, ಇಲ್ಲಿ ಕುಂಡ್ರಿ, ಸಮುದ್ರ ಛಲೋ ಕಾಣತದ," ಎಂದು ಕರೆದಿದ್ದ. ಅಳಿಯನ ಸರಿಸಮ ಕೂಡುವುದೆಂದರೇನು ಎನ್ನುವಂತೆ ಅವರು ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡು, "ನಾ ಇಲ್ಲೇ ಆರಾಮ ಅದೀನ್ರಿ," ಎಂದು ಹಿಂದೆ ಸೇರಿಕೊಂಡರು. ಹೀಗಾಗಿ ಸ್ಯಾನ್ ಡಿಯಾಗೋ ಕಡೆಗಿನ ಇಡೀ ದಾರಿ ಅವನು ಬಾಡಿಗೆ ಕಾರಿನ ಡ್ರೈವರನಂತೆ, ಮಾತಾಡಬೇಕಾದರೆ ಕನ್ನಡಿಯಲ್ಲಿ ಅವರ ಹಣೆಯ ವಿಭೂತಿಯನ್ನಷ್ಟೇ ನೋಡುತ್ತ ಗಾಡಿ ಓಡಿಸಿದ. ಹೆಂಡತಿ ರಕ್ಷಿತಾಳಿಗೆ ಶನಿವಾರವೂ ಆಫೀಸು. ಅವ್ವ ಒಬ್ಬಳೇ ಮನೆಯಲ್ಲಿ ಗೋಡೆ ನೋಡುತ್ತ ಕೂಡುವುದು ಬೇಡ, ಹೆಂಗೂ ಹೊಂಟೀರಿ, ಕರಕೊಂಡು ಹೋಗ್ರಿ ಎಂದಿದ್ದಳು. ಬೇಡ ಎನ್ನುವ ಧೈರ್ಯ ಅವನಿಗಿರಲಿಲ್ಲ. ನಸುಕಿನಲ್ಲೇ ಹೊರಡಬೇಕಾದವನು ಅತ್ತೆಯ ಪೂಜೆ ಮುಗಿದು, ಬುತ್ತಿ ಕಟ್ಟಿ ಆಗುವ ತನಕ ಕೀಲಿಕೈ ಹಿಡಿದು ಅತ್ತಿಂದಿತ್ತ ತಿರುಗಿದ್ದ. ಪುಣ್ಯಕ್ಕೆ ಜೂನ್ ತಿಂಗಳು. ಸಮುದ್ರದಿಂದ ಎದ್ದ ಬೂದಿ ಮೋಡ ಕರಾವಳಿಯುದ್ದಕ್ಕೂ ಹಾಸಿಕೊಂಡಿತ್ತು, ಮಧ್ಯಾಹ್ನವಾದರೂ ಬೆಳಗಿನ ಬೆಳಕೇ ಇರುತ್ತದೆ, ಫೋಟೋ ಕೆಡುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಇವತ್ತು ಸಂಜೆಯೊಳಗೆ ಆ ಒಂದು ಫೋಟೋ ಡೋರಿನ್‌ಗೆ ಮುಟ್ಟಬೇಕು. ಮುಟ್ಟದಿದ್ದರೆ ಅವಳ ಗ್ಯಾಲರಿ ಗೋಡೆಯ ನಟ್ಟನಡುವಿನ ಜಾಗ ಬೇರೆಯವರ ಪಾಲು.

ಡೋರಿನ್ ಸ್ಯಾನ್ ಡಿಯಾಗೋದ ನಾರ್ತ್ ಪಾರ್ಕ್ ಬಡಾವಣೆಯಲ್ಲಿ ಸಣ್ಣದೊಂದು ಗ್ಯಾಲರಿ ನಡೆಸುವ ಹೆಂಗಸು. ಮುಂದಿನ ವಾರ ಅಲ್ಲಿ ಅಮೆರಿಕದ ದಿನನಿತ್ಯದ ಜಾಗಗಳ ಚಿತ್ರಪ್ರದರ್ಶನ. ಉಳಿದ ಫೋಟೋಗ್ರಾಫರರೆಲ್ಲ ಇಲ್ಲಿಯವರೇ, ಹೊರಗಿನವನು ಇವನೊಬ್ಬ. ಮೊದಲ ಸಲ ಇವನ ಚಿತ್ರಗಳನ್ನು ಮೇಜಿನ ಮೇಲೆ ಹರಡಿ ನೋಡಿ ಆಕೆ, "ಇಲ್ಲೇ ಹುಟ್ಟಿ ಬೆಳೆದವರು ತೆಗೆದಂತಿದೆ," ಎಂದಿದ್ದಳು. ಹೊಗಳಿಕೆಯೋ ಬರೀ ಬೆರಗೋ ತಿಳಿಯದಿದ್ದರೂ ಸಿದ್ಧಲಿಂಗೇಶ ಆ ಮಾತನ್ನು ಮನೆಗೆ ತಂದು, ರಕ್ಷಿತಾಳಿಗೂ ಹೇಳದೆ, ತಿಂಗಳುಗಟ್ಟಲೆ ಒಬ್ಬನೇ ಸವಿದಿದ್ದ. ಬಂದರಿನ ಆಫೀಸಿನಲ್ಲಿ ಇಂಜಿನಿಯರನಾಗಿ ಕಂಟೇನರುಗಳ ಲೆಕ್ಕ ನೋಡುತ್ತ ಕೂತಾಗಲೂ ಅದು ನೆನಪಾಗಿ ಮುಖ ಅರಳುತ್ತಿತ್ತು. ಇಪ್ಪತ್ತು ವರ್ಷ ಈ ದೇಶದಲ್ಲಿದ್ದು, ಪಾಸ್‌ಪೋರ್ಟು ಬದಲಾಗಿ, ಇನ್ನೂ ಯಾರಾದರೂ ನೀನು ಎಲ್ಲಿಯವನು ಎಂದು ಕೇಳಿದರೆ ತಡವರಿಸುವವನಿಗೆ ಆ ಚಿತ್ರಗಳು ಮಾತ್ರ ತಡವರಿಸದೆ ಉತ್ತರ ಕೊಟ್ಟಿದ್ದವು. ಬಣ್ಣ ಮಾಸಿದ ಮೋಟೆಲಿನ ಬೋರ್ಡು, ಅದರಲ್ಲಿ ಉದುರಿದ ಒಂದು ಅಕ್ಷರ. ಫೋನೇ ಇಲ್ಲದ ಫೋನ್ ಗೂಡು. ಗ್ಯಾಸ್ ಸ್ಟೇಷನ್ನಿನ ಹಿಂದೆ ಬಿಸಿಲಿಗೆ ಸೀಳಿದ ಪ್ಲಾಸ್ಟಿಕ್ ಕುರ್ಚಿ. ಇವುಗಳ ಎದುರು ನಿಂತರೆ ಅವನಿಗೆ ಕರುಳು ಚುರುಕ್ ಎನ್ನುವಷ್ಟು ಪ್ರೀತಿ ಬರುತ್ತಿತ್ತು. ಓದಲು ಬಂದ ಮೊದಲ ವಾರ, ಬಸ್ಸಿನಲ್ಲಿ ಕೂತು, ಇವತ್ತು ಹೊರಟಿದ್ದ ಇದೇ ಎಲ್ ಕಹೋನ್ ಬುಲವಾರ್ಡ್ ರಸ್ತೆಯಲ್ಲಿ ಹೋಗುವಾಗ, ಸುಣ್ಣ ಕಿತ್ತು ಇಟ್ಟಿಗೆ ಕಾಣುತ್ತಿದ್ದ ಒಂದು ಗೋಡೆ ಕಂಡಿತ್ತು. ಥಳಥಳ ಹೊಳೆಯುವ ಊರನ್ನು ಎದುರು ನೋಡಿ ಹೆದರಿ ಬಂದ ಹುಡುಗ ಆ ಗೋಡೆ ಕಂಡು ಅಬ್ಬಾ ಎಂದು ಉಸಿರು ಬಿಟ್ಟಿದ್ದ. ಇವರ ಗೋಡೆಯೂ ಕೀಳುತ್ತದೆ, ಹಾಗಾದರೆ ಇಲ್ಲಿ ಬದುಕಬಹುದು ಎನ್ನಿಸಿತ್ತು.

"ನಿಮ್ಮ ನೌಕರಿ ಛಲೋ ನಡದದ ಹೌದಿಲ್ರಿ?" ಓಷನ್‌ಸೈಡ್ ಊರು ದಾಟುವಾಗ ಹಿಂದಿನಿಂದ ಇದ್ದಕ್ಕಿದ್ದಂತೆ ಪ್ರಶ್ನೆ ಬಂತು. "ಹೂಂ ಅತ್ತಿ, ಯಾಕ?" "ಏನಿಲ್ರಿ, ಸುಮ್ನ ಕೇಳಿದೆ." ಸುಮ್ಮನೆ ಅಲ್ಲವೆಂದು ಅವನಿಗೆ ಗೊತ್ತಿತ್ತು. ಹೋದ ವರ್ಷ ತನ್ನ ಚಿತ್ರಗಳನ್ನು ಹೆಮ್ಮೆಯಿಂದ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಇಡೀ ದಿನ ಯಾರೂ ಕಮಕ್ ಎನ್ನಲಿಲ್ಲ. ಮರುದಿನ ಹುಬ್ಬಳ್ಳಿಯ ಗುರುಬಸಪ್ಪ ಕಾಕಾ ಫೋನು ಮಾಡಿ, ಹವಾ, ಊಟ ಎಲ್ಲ ವಿಚಾರಿಸಿ, ಕೊನೆಗೆ ದನಿ ತಗ್ಗಿಸಿ, "ಧೈರ್ಯಾ ಬಿಡಬ್ಯಾಡಪಾ, ಎಲ್ಲಾ ಸರಿ ಹೋಗತೈತಿ," ಎಂದಿದ್ದರು. ಆ ಮೋಟೆಲು, ಆ ಕುರ್ಚಿ ಎಲ್ಲ ಇವನ ಮನೆಯ ಸುತ್ತಲಿನವೇ, ಮಗ ಬೀದಿಗೆ ಬಿದ್ದಿದ್ದಾನೆ, ಬಾಯಿಬಿಟ್ಟು ಹೇಳಲಾರದೆ ಫೋಟೋ ಕಳಿಸಿದ್ದಾನೆ ಎಂದು ಇಡೀ ಬಳಗ ತೀರ್ಮಾನಿಸಿತ್ತು. ರಕ್ಷಿತಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವನಿಗೆ ನಗು ಬಂದಿರಲಿಲ್ಲ. ಅನ್ನಪೂರ್ಣವ್ವ ಊರಿಂದ ಬಂದ ಮೊದಲ ವಾರ ಅಡಿಗೆಮನೆಯ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು, ಅಕ್ಕಿ ಇದೆಯೋ ಇಲ್ಲವೋ ನೋಡಿ ಮುಚ್ಚುವುದನ್ನು ಅವನು ಬಾಗಿಲ ಮರೆಯಿಂದ ಕಂಡಿದ್ದ. ಏನಂತ ಹೇಳುವುದು? ಕಲೆ ಅಂತಲೇ?

ಅವನು ಹುಟ್ಟಿ ಬೆಳೆದ ಗದಗಿನ ಮನೆಯಲ್ಲಿ ಫೋಟೋ ಎಂದರೆ ಮೈ ತೊಳೆದ ದಿನದ ಮಾತು. ಅಕ್ಕ ದ್ರಾಕ್ಷಾಯಣಿಯನ್ನು ನೋಡಲು ಬರುವ ಮುಂಚೆ ವರನ ಕಡೆಯವರಿಗೆ ಒಂದು ಫೋಟೋ ಕಳಿಸಬೇಕಾಗಿತ್ತು. ಪಡಸಾಲೆಯ ಗೋಡೆ ಹಪ್ಪಳಿಕೆ ಎದ್ದು ಉದುರುತ್ತಿತ್ತು, ಸುಣ್ಣ ಹಚ್ಚಲು ಆ ವರ್ಷ ಅನುಕೂಲವಿರಲಿಲ್ಲ. ಅವ್ವ ಟ್ರಂಕಿನಿಂದ ಹೂವಿನ ಚಾದರ ತೆಗೆದು, ಒಂದು ಬದಿ ಮೊಳೆಗೆ ಸಿಕ್ಕಿಸಿ, ಇನ್ನೊಂದು ಬದಿಗೆ ಮೊಳೆಯಿಲ್ಲದ್ದಕ್ಕೆ ಇವನನ್ನು ಸ್ಟೂಲಿನ ಮೇಲೆ ನಿಲ್ಲಿಸಿದ್ದಳು. ಕೈ ಎತ್ತಿ ಚಾದರ ಹಿಡಿದು, ಉಸಿರು ಬಿಗಿಹಿಡಿದು, ತಾನು ಅಲ್ಲಾಡಿದರೆ ಅಕ್ಕನ ಮದುವೆಯೇ ತಪ್ಪುತ್ತದೆಂದು ನಂಬಿ ನಿಂತಿದ್ದ. ತೋಳು ನೋಯುತ್ತಿತ್ತು. ಫೋಟೋ ತೊಳೆದು ಬಂದಾಗ ಅಕ್ಕ ಲಕ್ಷಣವಾಗಿದ್ದಳು, ಚಾದರದ ಅಂಚಿನಲ್ಲಿ ಇವನ ನಾಲ್ಕು ಬೆರಳೂ ಲಕ್ಷಣವಾಗಿ ಮೂಡಿದ್ದವು. ಮದುವೆ ಆ ಮನೆಗೇ ಆಯಿತು, ಭಾವ ಇಂದಿಗೂ ನಾಲ್ಕು ಬೆರಳು ತೋರಿಸಿ ಚೇಷ್ಟೆ ಮಾಡುತ್ತಾನೆ. ಇವನಿಗೆ ಮಾತ್ರ ಈಗಲೂ ಕಿವಿ ಬಿಸಿಯಾಗುತ್ತದೆ. ಅವತ್ತು ಮುಚ್ಚಿಟ್ಟ ಗೋಡೆಯನ್ನೇ ಇಷ್ಟು ದೂರ ಬಂದು ಹುಡುಕುತ್ತಿದ್ದೇನೆಯೇ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು. ಇಲ್ಲಿಯ ಗೋಡೆ ಕಿತ್ತರೆ ಯಾರ ಮದುವೆಯೂ ತಪ್ಪುವುದಿಲ್ಲ, ಇದರ ಮುಂದೆ ಚಾದರ ಹಿಡಿಯಬೇಕಾಗಿಲ್ಲ, ಕ್ಯಾಮೆರಾ ಹಿಡಿದರೆ ಸಾಕು. ಹಾಗಾದರೆ ಗದಗಿನ ಆ ಗೋಡೆಯ ಫೋಟೋ ಒಂದನ್ನೂ ಯಾಕೆ ತೆಗೆದಿಲ್ಲ? ಎರಡು ವರ್ಷಕ್ಕೊಮ್ಮೆ ಹೋಗುತ್ತಾನೆ, ಕ್ಯಾಮೆರಾ ಬ್ಯಾಗಿನಲ್ಲೇ ಇರುತ್ತದೆ. "ನಿಮಗ ಮುಂದ ತಿರುಗಬೇಕಲ್ಲ?" ಎಂದು ಅತ್ತೆ ಹಿಂದಿನಿಂದ ಎಚ್ಚರಿಸಿದರು. ಮ್ಯಾಪು ಹೇಳಿದ್ದು ಇಂಗ್ಲಿಷಿನಲ್ಲಾದರೂ ಪರದೆಯ ಮೇಲಿನ ಬಾಣ ಅವರಿಗೆ ತಿಳಿದಿತ್ತು.

ಅವನು ಹುಡುಕಿ ಬಂದದ್ದು ಹೊಲಿಗೆ ಯಂತ್ರ ಮತ್ತು ವ್ಯಾಕ್ಯೂಮ್ ಕ್ಲೀನರ್ ರಿಪೇರಿಯ, ಎಂದೋ ಮುಚ್ಚಿಹೋದಂತೆ ಕಾಣುವ ಒಂದು ಅಂಗಡಿ. ತಲೆಯ ಮೇಲಿನ ತಗಡಿನ ಬೋರ್ಡಿನಲ್ಲಿ ಕಣ್ಣು, ಬಾಯಿ ಬರೆದ ವ್ಯಾಕ್ಯೂಮ್ ಕ್ಲೀನರೊಂದು ಬಿಸಿಲಿಗೆ ಬಿಳುಚಿಕೊಂಡು ಇನ್ನೂ ನಗುತ್ತಿತ್ತು. ಗಾಜಿನ ಹಿಂದೆ ಹಳೆಯ ಹೊಲಿಗೆ ಯಂತ್ರ, ಗಾಜಿನ ಮೇಲೆ ಬೆರಳಿನಿಂದ ಗೀಚಬಹುದಾದಷ್ಟು ಧೂಳು. ಯಾರೋ ಪುಣ್ಯಾತ್ಮರು ನಿಜವಾಗಿಯೂ ಒಂದು ಹೃದಯದ ಚಿತ್ರ ಗೀಚಿದ್ದರು. ಹೊಸಿಲ ಮುಂದೆ ಜಕರಂಡ ಮರದ ಒಣಗಿದ ನೇರಳೆ ಹೂವು, ಕಾಗದದ ಲೋಟ, ರಸೀದಿ ಚೂರುಗಳ ಒಂದು ರಾಶಿ. ಎರಡು ಶನಿವಾರ ಬೆಳಿಗ್ಗೆ ಬಂದು ಹೋಗಿದ್ದ, ಎರಡು ಸಲವೂ ಬೆಳಕು ಕೈಕೊಟ್ಟಿತ್ತು. ಇಂಥ ಮೆದು ಬೂದಿ ಬೆಳಕಿಗಾಗಿಯೇ ಕಾದಿದ್ದ. ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಅತ್ತೆಯನ್ನು ಅಂಗಡಿಯ ಮುಂದೆ ಇಳಿಸಿ, "ಇಲ್ಲೇ ನಿಂದರ್ರಿ, ನಾ ಗಾಡಿ ಹಚ್ಚಿ ಬರತೇನಿ. ಇದರದ ಫೋಟೋ ತಗೀಬೇಕು," ಎಂದ. "ಇದರದಾ?" ಎಂದು ಅವರು ಒಮ್ಮೆ ಅಂಗಡಿಯನ್ನೂ ಒಮ್ಮೆ ಅಳಿಯನನ್ನೂ ನೋಡಿದರು. ಹಿಂದೆ ಗಾಡಿಗಳು ಹಾರ್ನ್ ಹೊಡೆದದ್ದರಿಂದ ಉತ್ತರ ಹೇಳುವುದು ತಪ್ಪಿತು. ಮೂರು ಬೀದಿ ಸುತ್ತಿ ಜಾಗ ಹುಡುಕಿ, ಟ್ರೈಪಾಡು ಹೆಗಲಿಗೇರಿಸಿಕೊಂಡು ನಡೆದು ಬರುವಾಗ ಅವನ ಮನಸ್ಸು ಆಗಲೇ ಚಿತ್ರದ ಅಳತೆ ಹಾಕುತ್ತಿತ್ತು. ಹೃದಯ ಎಡಕ್ಕೆ, ನಗುವ ಬೋರ್ಡು ಮೇಲಕ್ಕೆ, ಕೆಳಗೆ ನೇರಳೆ ಹೂವಿನ ಕಸ. ಡೋರಿನ್ ನೋಡಿ ಮಾತೇ ಆಡಬಾರದು.

ಬಂದು ನೋಡಿದರೆ ಹೊಸಿಲು ಕನ್ನಡಿಯಂತಿತ್ತು. ಪಕ್ಕದ ಟೈರ್ ಅಂಗಡಿಯಿಂದ ಕೈಸನ್ನೆಯಲ್ಲೇ ಪೊರಕೆಯನ್ನೂ ಬಕೆಟ್ಟನ್ನೂ ಕೇಳಿ ಪಡೆದ ಅನ್ನಪೂರ್ಣವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಸವನ್ನೆಲ್ಲ ಒಂದು ಮೂಲೆಗೆ ಗುಡ್ಡೆ ಮಾಡಿ, ನೀರು ಚಿಮುಕಿಸಿ, ಗಾಜನ್ನು ಒರೆಸುವುದರಲ್ಲಿದ್ದರು. ಹೃದಯ ಹೋಗಿತ್ತು. ಟೈರ್ ಅಂಗಡಿಯವನು ಕೈಕಟ್ಟಿ ನಿಂತು, ಸೀರೆಯುಟ್ಟ ಹೆಂಗಸು ತನ್ನ ಬೀದಿಯನ್ನು ತೊಳೆಯುವುದನ್ನು ಬಹಳ ಮರ್ಯಾದೆಯಿಂದ ನೋಡುತ್ತಿದ್ದ. "ಅತ್ತಿ, ಏನ ಮಾಡಿದ್ರಿ ಇದು?" ಅವನ ದನಿ ಅವನಿಗೇ ಗುರುತು ಸಿಗದಷ್ಟು ಚೀರಿತು. ಅವರು ಬೆವರು ಒರೆಸಿಕೊಳ್ಳುತ್ತ ತಿರುಗಿದರು. "ಫೋಟೋ ತಗೀತೇನಿ ಅಂದ್ರಲ್ರಿ. ಹೊಲಸ ಭಾಳ ಇತ್ತು. ಹಂಗ ತಗದ್ರ ಅಂಗಡಿಯವರ ಮಾನ ಹೋಗೂದಿಲ್ಲೇನು? ಕಸ ಹೊಡದು ಥಳಿ ನೀರ ಹಾಕೇನಿ, ಈಗ ತಗೀರಿ." ಮುಖದಲ್ಲಿ ಎಂಥ ಸಂತೋಷ! ಅವನಿಗೆ ಅಳುವೇ ಬಂತು. "ನನಗ ಹೊಲಸ ಬೇಕಾಗಿತ್ತು," ಎಂದ. ಹೇಳಿದ ಮೇಲೆ ಆ ಮಾತು ಎಷ್ಟು ಕೆಟ್ಟದಾಗಿ ಕೇಳಿಸಿತೆಂದರೆ ಅವರ ಕಣ್ಣು ತಪ್ಪಿಸಲು ಟ್ರೈಪಾಡಿನ ಕಾಲು ಬಿಚ್ಚತೊಡಗಿದ. ಅನ್ನಪೂರ್ಣವ್ವ ಒರೆಸುವ ಬಟ್ಟೆಯನ್ನು ಹಿಂಡಿ, ಬಕೆಟ್ಟಿನ ಅಂಚಿಗೆ ಹಾಕಿ, ಟೈರ್ ಅಂಗಡಿಯ ಗೋಡೆಗೆ ಹೋಗಿ ನಿಂತರು. ಮಗಳ ಮನೆಯಲ್ಲಿ ಕಣ್ತಪ್ಪಿ ಹಾಲು ಉಕ್ಕಿಸಿ ಚೆಲ್ಲಿದ ದಿನವೂ ಅವರು ಹೀಗೇ ಗೋಡೆಗೆ ಸರಿದು ನಿಂತಿದ್ದರು.

ಆಮೇಲೆ ಅವನು ಮಾಡಿದ್ದನ್ನು ಯಾರಾದರೂ ಹೇಳಿದ್ದರೆ ಅವನೇ ನಂಬುತ್ತಿರಲಿಲ್ಲ. ಮೂಲೆಯ ಗುಡ್ಡೆಯಿಂದ ಬೊಗಸೆ ತುಂಬ ಕಸ ಎತ್ತಿಕೊಂಡು ಬಂದು ಹೊಸಿಲ ಮುಂದೆ ಚೆಲ್ಲಿದ. ಹೂವು ಒಂದೆಡೆಯೇ ಬಿತ್ತು, ಬಾಗಿ ಒಂದೊಂದಾಗಿ ಹರವಿದ. ಕಾಗದದ ಲೋಟ ಮೊದಲು ಎಲ್ಲಿತ್ತು? ಬಲಕ್ಕೆ ಇಟ್ಟ, ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದ, ಮತ್ತೆ ಬಂದು ಎಡಕ್ಕೆ ಇಟ್ಟ. ಗಾಜು ಮಾತ್ರ ಹಾಳಾದ್ದು ಥಳಥಳ ಎನ್ನುತ್ತಿತ್ತು. ರಸ್ತೆಯ ಬದಿಯಿಂದ ಹಿಡಿ ಮಣ್ಣು ತಂದು, ವಿಭೂತಿ ಹಚ್ಚುವಂತೆ ಮೂರು ಬೆರಳಿನಿಂದ ಗಾಜಿಗೆ ಸವರತೊಡಗಿದ. ಒದ್ದೆ ಗಾಜಿನ ಮೇಲೆ ಅದು ಕೆಸರಾಯಿತು. ನಲವತ್ತಾರು ವರ್ಷದ ಇಂಜಿನಿಯರ್ ಶನಿವಾರ ಮಧ್ಯಾಹ್ನ ಬೀದಿಯಲ್ಲಿ ನಿಂತು ಅಂಗಡಿಗೆ ಕೆಸರು ಮೆತ್ತುತ್ತಿದ್ದೇನೆ ಎಂದು ಒಳಗೊಂದು ದನಿ ಹೇಳುತ್ತಲೇ ಇತ್ತು. ಸಂಜೆಯೊಳಗೆ, ಸಂಜೆಯೊಳಗೆ ಎಂದು ಇನ್ನೊಂದು ದನಿ. ಅತ್ತೆ ನೋಡುತ್ತಿದ್ದಾರೆಂದು ಬೆನ್ನಿಗೆ ಗೊತ್ತಾಗುತ್ತಿತ್ತು.

"ನನ್ನ ಅಂಗಡಿಗೆ ಏನು ಮಾಡ್ತಾ ಇದೀಯ?" ಇಂಗ್ಲಿಷಿನಲ್ಲಿ ಕೇಳಿದ ದನಿ ಹಿಂದಿನಿಂದ ಬಂತು. ಎಪ್ಪತ್ತರ ಆಸುಪಾಸಿನ ಗಿಡ್ಡ ಹೆಂಗಸು, ಒಂದು ಕೈಯಲ್ಲಿ ಕೀಲಿ ಗೊಂಚಲು, ಇನ್ನೊಂದರಲ್ಲಿ ಊಟದ ಚೀಲ. ಹೆಸರು ಲೂಪೆ ಎಂದು ಆಮೇಲೆ ತಿಳಿಯಿತು. ಕೆಸರಿನ ಕೈ ಎತ್ತಿಕೊಂಡು ಅವನು ತಾನು ಫೋಟೋಗ್ರಾಫರ್ ಎಂದ, ಗ್ಯಾಲರಿ ಎಂದ, ಈ ಜಾಗದ ಸೌಂದರ್ಯ ಎಂದ. ಹೇಳಿದಷ್ಟೂ ಸುಳ್ಳುಗಾರನಂತೆ ಕಂಡ. ಆಕೆ ಕಸ ನೋಡಿದಳು, ಗಾಜು ನೋಡಿದಳು, ಮುಖ ಕೆಂಪಾಯಿತು. "ನೀನೇ ಅಲ್ಲವಾ ಬೆಳಿಗ್ಗೆ ಬೆಳಿಗ್ಗೆ ಮೂರು ಕಾಲಿನ ಕ್ಯಾಮೆರಾ ಇಟ್ಟು ನಿಲ್ಲೋನು? ಟೈರಿನವನು ಹೇಳಿದ. ಕಟ್ಟಡ ಕೆಡವೋದಕ್ಕೆ ಅಳತೆ ತಗೊಳ್ತಿದಾರೆ ಅಂತ ನಾನು ನಿದ್ದೆ ಬಿಟ್ಟು ಕೂತಿದೀನಿ." ಆಗ ಅನ್ನಪೂರ್ಣವ್ವ ಗೋಡೆ ಬಿಟ್ಟು ಬಂದರು. ಅಳಿಯನನ್ನು ಎಂದೂ ಮುಟ್ಟದವರು ಅವನ ಮಣಿಕಟ್ಟು ಹಿಡಿದು, ಬಕೆಟ್ಟಿನ ನೀರು ಹಾಕಿ, ಕೂಸಿನ ಕೈ ತೊಳೆಯುವಂತೆ ಬೆರಳ ಸಂದಿಯ ಕೆಸರನ್ನೆಲ್ಲ ತಿಕ್ಕಿ ತೊಳೆದರು. ತೊಳೆಯುತ್ತಲೇ ಲೂಪೆಯ ಕಡೆ ತಿರುಗಿ, "ಸಿಟ್ಟಾಗಬ್ಯಾಡವಾ ತಂಗೀ. ಅವರು ಭಾಳ ಒಳ್ಳೇವರು. ಫೋಟೋದ್ದೊಂದು ಹುಚ್ಚೈತಿ, ಅಷ್ಟ," ಎಂದರು. ಕನ್ನಡ ತಿಳಿಯದ ಆಕೆಗೆ ಅದೇನು ತಿಳಿಯಿತೋ, ಪೊರಕೆಯನ್ನೂ ಒದ್ದೆ ನೆಲವನ್ನೂ ನೋಡಿ, "ಗುಡಿಸಿದ್ದು ಇವರಾ? ನಿನ್ನ ತಾಯಿಯಾ?" ಎಂದು ಕೇಳಿದಳು. ಅವನು ಹೌದೆಂದ. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನ್ನಿಸುವ ಹೊತ್ತಿನಲ್ಲೂ, ಆ ಮುದಿ ಕೈಯ ಬಿಸಿ ಅವನಿಗೆ ಹಿತವಾಗಿತ್ತು.

ಚೆಲ್ಲಿದ ಕಸವನ್ನು ಈ ಸಲ ಅವನೇ ಗುಡಿಸಿದ, ಗಾಜನ್ನೂ ಒರೆಸಿದ. ಲೂಪೆ ಬೀಗ ತೆಗೆದು ಒಳಗೆ ಹೋಗಿ ಸ್ವಿಚ್ಚು ಒತ್ತಿದಳು. ಬಾಗಿಲ ಪಕ್ಕದ ಕೆಂಪು ದೀಪದಲ್ಲಿ ತೆರೆದಿದೆ ಎಂಬ ಅಕ್ಷರ ಮಿಣುಕಿ ಮಿಣುಕಿ ಹತ್ತಿಕೊಂಡಿತು. ಒಳಗೆ ಅವನು ಅಂದುಕೊಂಡ ಪಾಳು ಇರಲಿಲ್ಲ. ಗೋಡೆಯುದ್ದಕ್ಕೂ ಗಿರಾಕಿಗಳ ಹೆಸರು ಚೀಟಿ ಕಟ್ಟಿದ ಯಂತ್ರಗಳು, ಎಣ್ಣೆಯ ವಾಸನೆ, ರೇಡಿಯೋ, ಕುದಿಯುವ ಕಾಫಿ. ಗಂಡನಿಗೆ ವಾರಕ್ಕೆ ಮೂರು ದಿನ ಬೆಳಿಗ್ಗೆ ಡಯಾಲಿಸಿಸ್, ಅದರಲ್ಲಿ ಶನಿವಾರವೂ ಒಂದು. ಅವನನ್ನು ಮನೆಗೆ ಬಿಟ್ಟು, ಉಣ್ಣಿಸಿ, ಮಧ್ಯಾಹ್ನದ ಮೇಲೆ ತೆರೆಯುತ್ತೇನೆ, ಗುಡಿಸುವುದಕ್ಕೆ ಸೊಂಟ ಬಾಗುವುದಿಲ್ಲ ಎಂದು ಆಕೆ ತಾನಾಗಿ ಹೇಳಿದಳು. ಅನ್ನಪೂರ್ಣವ್ವ ಒಂದು ಯಂತ್ರದ ಮುಂದೆ ಕೂತು ಪೆಡಲಿನ ಮೇಲೆ ಕಾಲಿಟ್ಟಿದ್ದೇ ತಡ, ಇಬ್ಬರೂ ಹೆಂಗಸರು ನಡುವೆ ಭಾಷೆ ಎಂಬುದೊಂದು ಇದೆ ಎನ್ನುವುದನ್ನೇ ಮರೆತರು. ಸ್ವಲ್ಪ ಹೊತ್ತಿಗೆ ಲೂಪೆ, "ಫೋಟೋ ಬೇಕಂದೆಯಲ್ಲ, ತೆಗಿ," ಎಂದಳು. ತೆಗಿ ಎಂದವಳು ಒಳಗೆ ಹೋಗಿ ಕೂದಲು ಬಾಚಿ, ತುಟಿಗೆ ಬಣ್ಣ ಹಚ್ಚಿಕೊಂಡು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಬಂದು ನಿಂತಳು. ಅನ್ನಪೂರ್ಣವ್ವ ಹೋಗಿ ಆಕೆಯ ಕಾಲರು ಸರಿಮಾಡಿ, ಹಿಂದೆ ಸರಿದು, ತಲೆಯಾಡಿಸಿದರು. ಅವನು ಒಂದು ಫೋಟೋ ತೆಗೆದ. ಫ್ಲಾಶಿಗೆ ಲೂಪೆಯ ಕಣ್ಣು ಅರ್ಧ ಮುಚ್ಚಿತ್ತು. ಇನ್ನೊಂದು ತೆಗೆದ. ಯಾವ ಮನೆಯ ಗೋಡೆಯ ಮೇಲಾದರೂ ಇರಬಹುದಾದ ಸಾಮಾನ್ಯ ಫೋಟೋ. ಪ್ರಿಂಟು ಹಾಕಿಸಿ ಕಳಿಸುತ್ತೇನೆಂದು ವಿಳಾಸ ಕೇಳಿದಾಗ ಆಕೆ, "ಎರಡು ಹಾಕಿಸು, ನನ್ನ ತಂಗಿಗೂ ಒಂದು," ಎಂದಳು.

ಕಾರಿಗೆ ಬಂದು ಕೂತಾಗ ಡೋರಿನ್‌ಳ ಫೋನು ಬಂತು. ಮೋಡ ಇನ್ನೂ ಹಾಗೇ ಇತ್ತು, ಹಿಂದಿನ ಸೀಟಿನಲ್ಲಿ ಅತ್ತೆ ಬುತ್ತಿಯ ಗಂಟು ಬಿಚ್ಚುತ್ತಿದ್ದರು. "ನಡುವಿನ ಜಾಗ ಖಾಲಿ ಇಟ್ಟುಕೊಂಡು ಕೂತಿದೀನಿ. ಸಿಕ್ಕಿತಾ?" ಎಂದು ಆಕೆ ಉತ್ಸಾಹದಿಂದ ಕೇಳಿದಳು. ಇಲ್ಲವೆಂದ. ಅಂಗಡಿ ತೆರೆದಿತ್ತು ಎಂದ. ಆಕೆ ನಕ್ಕಳು. "ಅಷ್ಟೇನಾ? ನಾಳೆ ಭಾನುವಾರ, ಮುಚ್ಚಿರುತ್ತೆ. ಬೆಳಿಗ್ಗೆ ಬಂದು ತೆಗೀರಿ. ನಿಮಗೋಸ್ಕರ ಮಧ್ಯಾಹ್ನದ ತನಕ ಕಾಯ್ತೀನಿ. ಆ ಅಂಗಡಿ ಇಲ್ಲದೆ ನಿಮ್ಮ ಗೋಡೆ ಪೂರ್ತಿ ಆಗೋದಿಲ್ಲ, ಸಿದ್." ನಾಳೆ ಬೆಳಿಗ್ಗೆ ಬರಬಹುದು. ರಾತ್ರಿಯ ಗಾಳಿಗೆ ಹೂವು ಮತ್ತೆ ಉದುರಿರುತ್ತದೆ, ಗಾಜಿನ ಮೇಲೆ ಮಂಜು ಕಟ್ಟಿ ಧೂಳು ಕೂತಿರುತ್ತದೆ, ಬೀದಿ ಖಾಲಿ ಇರುತ್ತದೆ, ಯಾರೂ ಕೇಳುವುದಿಲ್ಲ. ಚಿತ್ರ ಅದ್ಭುತವಾಗಿಯೇ ಬರುತ್ತದೆ. ಅದನ್ನು ಗೋಡೆಯ ನಡುವೆ ಕಂಡವರು, ಇಲ್ಲಿಯವನೇ ತೆಗೆದದ್ದು, ಎನ್ನುತ್ತಾರೆ. ಆ ಆಸೆ ಈಗಲೂ ಎದೆಯಲ್ಲಿ ಹಾಗೇ ಇತ್ತು, ಸುಳ್ಳಾಡಿ ಪ್ರಯೋಜನವಿಲ್ಲ. "ಬೇಡ," ಎಂದ, "ಆ ಜಾಗ ಬೇರೆ ಯಾರಿಗಾದರೂ ಕೊಡಿ." "ಯಾಕೆ?" ಎಂದು ಡೋರಿನ್ ಈ ಸಲ ನಿಜವಾಗಿ ತಿಳಿಯದೆ ಕೇಳಿದಳು.

"ಅದು ಮುಚ್ಚಿದ ಅಂಗಡಿ ಅಲ್ಲ, ಡೋರಿನ್," ಎಂದ. "ಮುಚ್ಚಿದ ಹೊತ್ತು ನೋಡಿ ಹೋಗ್ತಿದ್ದೋನು ನಾನು."